ವರ್ಡ್‌ಪ್ರೆಸ್ ಪ್ಲಗಿನ್‌ಗಳ ಜಗಳ: ಇನ್‌ಸ್ಟಾಲ್ ಬಟನ್ ಒತ್ತುವ ಮೊದಲು ಪದೇ ಪದೇ ಕೇಳುವ ಪ್ರಶ್ನೆಗಳು

ವರ್ಡ್‌ಪ್ರೆಸ್ ಅಂದರೆ ವೆಬ್‌ಸೈಟ್ ಕಟ್ಟುವ ತಂತ್ರಾಂಶ, ಪ್ಲಗಿನ್ ಅಂದರೆ ಅದಕ್ಕೆ ಹೊಸ ಸೌಲಭ್ಯ ಸೇರಿಸುವ ತುಣುಕು. ನಾನು ಮೂರು ಚಿಕ್ಕ ವರ್ಡ್‌ಪ್ರೆಸ್ ಸೈಟ್‌ಗಳನ್ನು ನೋಡಿಕೊಳ್ಳುತ್ತೇನೆ. ಒಂದು ಪುಸ್ತಕದ ಅಂಗಡಿಯದು, ಒಂದು ನಾಟಕ ತಂಡದ್ದು, ಇನ್ನೊಂದು ಹಳೆ ವಿದ್ಯಾರ್ಥಿಗಳ ಸಂಘದ್ದು. "ಹೊಸ ಪ್ಲಗಿನ್ ಹಾಕಿದೆ, ಸೈಟೇ ಹೋಯ್ತು" ಎಂಬ ಫೋನ್ ಆಗಾಗ ಬರುತ್ತದೆ. ಹಾಗೆ ಫೋನ್ ಮಾಡಿದವರು ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಸೇರಿಸಿದ್ದೇನೆ. ಹೆಚ್ಚಿನ ತೊಂದರೆಗಳನ್ನು ಇನ್‌ಸ್ಟಾಲ್ ಮಾಡುವ ಮೊದಲೇ ತಡೆಯಬಹುದು. ಅದಕ್ಕೆ ಪ್ರೋಗ್ರಾಮಿಂಗ್ ಬರಬೇಕೆಂದೂ ಇಲ್ಲ.

ಪ್ಲಗಿನ್‌ಗಳು ಜಗಳ ಆಡುತ್ತವೆ ಅಂದರೆ ಒಳಗೆ ನಿಜವಾಗಿ ಏನಾಗುತ್ತದೆ?

ಹೆಚ್ಚಾಗಿ ಮೂರು ಥರ ಆಗುತ್ತದೆ.

ಮೊದಲನೆಯದು ಹೆಸರಿನ ಜಗಳ. ಕ್ಲಾಸಿನಲ್ಲಿ ಇಬ್ಬರು ಮಂಜುನಾಥ ಇದ್ದರೆ ಮೇಷ್ಟ್ರು ಇನಿಶಿಯಲ್ ಸೇರಿಸಿ ಕರೆಯುತ್ತಾರೆ ಅಲ್ವಾ? ವರ್ಡ್‌ಪ್ರೆಸ್ಸನ್ನು ಬರೆದಿರುವ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ಆ ತಾಳ್ಮೆ ಇಲ್ಲ. ಇನಿಶಿಯಲ್ ಇಲ್ಲದೆ ಒಂದೇ ಹೆಸರಿನ ಎರಡು ಫಂಕ್ಷನ್ (ಒಂದು ಕೆಲಸ ಮಾಡುವ ಕೋಡ್ ತುಂಡು) ಕಂಡರೆ "ಈ ಹೆಸರು ಆಗಲೇ ಇದೆ" ಎಂದು ಹೇಳಿ ಅಲ್ಲೇ ನಿಂತುಬಿಡುತ್ತದೆ. ಇಡೀ ಪುಟ ಬಿಳಿಯಾಗುತ್ತದೆ, ಇಲ್ಲವೇ ಬರೀ ಎರರ್ ಸಂದೇಶ ಕಾಣುತ್ತದೆ.

ಎರಡನೆಯದು ಒಂದೇ ಕೆಲಸಕ್ಕೆ ಇಬ್ಬರು ಕೈ ಹಾಕುವುದು. ವರ್ಡ್‌ಪ್ರೆಸ್ ತನ್ನ ಕೆಲಸದ ನಡುವೆ ಅಲ್ಲಲ್ಲಿ ಹುಕ್ ಎಂಬ ಕೊಕ್ಕೆಗಳನ್ನು ಇಟ್ಟಿದೆ. ಪ್ಲಗಿನ್‌ಗಳು ಅದಕ್ಕೆ ಜೋತುಬಿದ್ದು ಬೇಕಾದ್ದನ್ನು ಬದಲಿಸುತ್ತವೆ. ಅಡುಗೆಮನೆಯಲ್ಲಿ ಒಬ್ಬರಿಗೆ ಗೊತ್ತಿಲ್ಲದೆ ಇನ್ನೊಬ್ಬರೂ ಸಾರಿಗೆ ಉಪ್ಪು ಹಾಕಿದ ಹಾಗೆ, ಎರಡು ಪ್ಲಗಿನ್ ಒಂದೇ ಜಾಗವನ್ನು ಬದಲಿಸಿದರೆ ಯಾರದೂ ತಪ್ಪಿಲ್ಲದೆ ಸಾರು ಕೆಡುತ್ತದೆ. ಇಲ್ಲಿ ಎರರ್ ಬರುವುದಿಲ್ಲ, ಫಲಿತಾಂಶ ಮಾತ್ರ ತಪ್ಪು. ಹಾಗಾಗಿ ಇದನ್ನು ಹಿಡಿಯುವುದು ಹೆಚ್ಚು ಕಷ್ಟ.

ಮೂರನೆಯದು ಬ್ರೌಸರ್‌ನಲ್ಲಿ ನಡೆಯುವ ಜಗಳ. ಜಾವಾಸ್ಕ್ರಿಪ್ಟ್‌ನಲ್ಲಿ ಒಂದು ಕಡೆ ತಪ್ಪಾದರೆ, ಅದರ ನಂತರ ಕೆಲಸ ಮಾಡಬೇಕಾದ ಬಟನ್, ಸ್ಲೈಡರ್, ಫಾರ್ಮ್ ಎಲ್ಲ ಸುಮ್ನೆ ಕೂತುಬಿಡಬಹುದು. ಪುಟ ನೋಡಲು ಚೆನ್ನಾಗಿಯೇ ಇರುತ್ತದೆ.

ಎರಡೂ ಒಳ್ಳೆಯ, ಹೆಸರಾದ ಪ್ಲಗಿನ್‌ಗಳು. ಬರೆದವರು ಮೊದಲೇ ಪರೀಕ್ಷೆ ಮಾಡಿರುವುದಿಲ್ವಾ?

ವರ್ಡ್‌ಪ್ರೆಸ್ ಶುರುವಾಗಿದ್ದು 2003ರಲ್ಲಿ. ಪ್ಲಗಿನ್ ಹಾಕುವ ವ್ಯವಸ್ಥೆ ಬಂದದ್ದು 2004ರ 1.2 ಆವೃತ್ತಿಯಲ್ಲಿ. ಈಗ ಅಧಿಕೃತ ಪಟ್ಟಿಯಲ್ಲೇ ಸುಮಾರು 60 ಸಾವಿರ ಉಚಿತ ಪ್ಲಗಿನ್‌ಗಳಿವೆ. ಎರಡೆರಡನ್ನು ಜೋಡಿ ಮಾಡಿದರೆ ಸುಮಾರು 180 ಕೋಟಿ ಜೋಡಿಗಳು. ಅಷ್ಟನ್ನು ಯಾರು ತಾನೇ ಪರೀಕ್ಷೆ ಮಾಡಲು ಸಾಧ್ಯ? ನಿಮ್ಮ ಸೈಟ್‌ನಲ್ಲಿರುವ ಜೋಡಿಯನ್ನು ನೀವೇ ಪರೀಕ್ಷಿಸಬೇಕು.

ಇನ್ನೊಂದು ವಿಷಯವೂ ಇದೆ. ಡೆಬಿಯನ್ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನ ಪ್ಯಾಕೇಜುಗಳಲ್ಲಿ (ಇನ್‌ಸ್ಟಾಲ್ ಮಾಡುವ ತಂತ್ರಾಂಶದ ಕಟ್ಟುಗಳಲ್ಲಿ) "ಇದರ ಜೊತೆ ನಾನು ಇರಲಾರೆ" ಎಂದು ಬರೆದಿಡಲು ಒಂದು ಸಾಲು ಇದೆ. ಅದನ್ನು ನೋಡಿ ಕಂಪ್ಯೂಟರೇ ಇನ್‌ಸ್ಟಾಲ್ ತಡೆಯುತ್ತದೆ. ವರ್ಡ್‌ಪ್ರೆಸ್ ಪ್ಲಗಿನ್‌ನಲ್ಲಿ ಅಂಥ ಸಾಲು ಇಲ್ಲ. 2024ರ 6.5 ಆವೃತ್ತಿಯಿಂದ "ನನಗೆ ಇಂಥ ಪ್ಲಗಿನ್ ಬೇಕು" ಎಂದು ಬರೆಯುವ ಅವಕಾಶ ಬಂದಿದೆ, ಅಷ್ಟೇ. ಬೇಕಾದ ಪ್ಲಗಿನ್ ಇಲ್ಲದಿದ್ದರೆ, ಇನ್‌ಸ್ಟಾಲ್ ಆದದ್ದನ್ನು ಚಾಲೂ ಮಾಡುವ ಆಕ್ಟಿವೇಟ್ ಬಟನ್ ಒತ್ತಲು ಬರುವುದಿಲ್ಲ. ಬೇಡವಾದದ್ದು ಇದ್ದರೆ ಮಾತ್ರ ವರ್ಡ್‌ಪ್ರೆಸ್ ಎಚ್ಚರಿಸುವುದಿಲ್ಲ.

ಎಷ್ಟು ಪ್ಲಗಿನ್ ಹಾಕಿದರೆ ಜಾಸ್ತಿ?

ಸಂಖ್ಯೆ ಮುಖ್ಯ ಅಲ್ಲ. ಬೇರೆ ಬೇರೆ ಕೆಲಸ ಮಾಡುವ 25 ಪ್ಲಗಿನ್ ನೆಮ್ಮದಿಯಾಗಿ ಇರಬಹುದು. ಒಂದೇ ಕೆಲಸ ಮಾಡುವ ಎರಡು ಸಾಕು, ಸೈಟ್ ಕೆಡಲು.

ಹಾಗಾದರೆ ಯಾವ ಜೋಡಿಗಳನ್ನು ಒಟ್ಟಿಗೆ ಹಾಕಲೇಬಾರದು?

ಮೊದಲು ಎರಡು ಕ್ಯಾಶ್ ಪ್ಲಗಿನ್. ಕ್ಯಾಶ್ ಅಂದರೆ ಪುಟವನ್ನು ಒಮ್ಮೆ ತಯಾರಿಸಿ, ಆ ಪ್ರತಿಯನ್ನೇ ಇಟ್ಟುಕೊಂಡು ಬೇಗ ತೋರಿಸುವುದು. ಪುಟದ ಕ್ಯಾಶ್ ಕೆಲಸಕ್ಕೆ ವರ್ಡ್‌ಪ್ರೆಸ್ ಇಟ್ಟಿರುವುದು ಒಂದೇ ಒಂದು ಕುರ್ಚಿ. ಡಬ್ಲ್ಯುಪಿ-ಕಂಟೆಂಟ್ ಫೋಲ್ಡರ್‌ನಲ್ಲಿ ಅಡ್ವಾನ್ಸ್‌ಡ್-ಕ್ಯಾಶ್ ಎಂಬ ಒಂದು ಫೈಲ್ ಮಾತ್ರ ಇರಲು ಸಾಧ್ಯ. ಎರಡನೇ ಪ್ಲಗಿನ್ ಬಂದು ಅದರ ಮೇಲೆ ತನ್ನದನ್ನು ಬರೆದುಬಿಡಬಹುದು. ಮೊದಲನೆಯದಕ್ಕೆ ತಾನಿನ್ನೂ ಕೆಲಸದಲ್ಲಿದ್ದೇನೆ ಎಂಬ ನಂಬಿಕೆ ಇರುತ್ತದೆ. ಆಮೇಲೆ ನೀವು ಬರಹ ತಿದ್ದಿದರೂ ಓದುಗರಿಗೆ ಹಳೆಯದೇ ಕಾಣುತ್ತಿರುತ್ತದೆ. ಸೈಟ್‌ಗೆ ಸರ್ವರ್ ಜಾಗ ಕೊಡುವ ಹೋಸ್ಟಿಂಗ್ ಕಂಪನಿಯವರೇ ಒಂದು ಕ್ಯಾಶ್ ಹಾಕಿಕೊಟ್ಟಿರುವುದೂ ಉಂಟು. ಇನ್ನೊಂದನ್ನು ಹಾಕುವ ಮೊದಲು ಅವರನ್ನು ಕೇಳಿ.

ಎರಡು ಎಸ್‌ಇಒ ಪ್ಲಗಿನ್ (ಗೂಗಲ್‌ನಂಥ ಹುಡುಕಾಟದಲ್ಲಿ ಸೈಟ್ ಚೆನ್ನಾಗಿ ಸಿಗುವಂತೆ ಮಾಡುವವು) ಹಾಕಿದರೆ ಪ್ರತಿ ಪುಟಕ್ಕೂ ಎರಡೆರಡು ವಿವರಣೆ ಸೇರಿಕೊಳ್ಳುತ್ತವೆ. ಅವು ಒಂದಕ್ಕೊಂದು ಹೊಂದದೆಯೂ ಇರಬಹುದು. ಸೈಟ್‌ಮ್ಯಾಪ್ (ಸರ್ಚ್ ಎಂಜಿನ್‌ಗೆ ಕೊಡುವ ಪುಟಗಳ ಪಟ್ಟಿ) ಮಾತ್ರ ಬೇಕು ಎನ್ನುವವರು ಅದಕ್ಕಾಗಿ ಪ್ಲಗಿನ್ ಹಾಕಬೇಕಿಲ್ಲ. 2020ರ 5.5 ಆವೃತ್ತಿಯಿಂದ ವರ್ಡ್‌ಪ್ರೆಸ್ ತಾನೇ ಅದನ್ನು ತಯಾರಿಸುತ್ತದೆ.

ಎರಡು ಸೆಕ್ಯುರಿಟಿ ಪ್ಲಗಿನ್ ಬೇಡ. ಎರಡೂ ಲಾಗಿನ್ ಪುಟದ ಬಾಗಿಲು ಕಾಯುತ್ತವೆ, ಸರ್ವರ್ ಸೆಟ್ಟಿಂಗ್ ಫೈಲ್‌ನಲ್ಲಿ ತಮ್ಮ ಸಾಲುಗಳನ್ನು ಸೇರಿಸುತ್ತವೆ. ಕೊನೆಗೆ ಹೊರಗೆ ಉಳಿಯುವವರು ನೀವೇ.

ಥೀಮ್‌ನ (ಸೈಟ್‌ನ ರೂಪ ನಿರ್ಧರಿಸುವ ವಿನ್ಯಾಸ) ಜೊತೆಗೇ ಬಂದ ಪ್ಲಗಿನ್‌ಗಳನ್ನೂ ಲೆಕ್ಕಕ್ಕೆ ಹಿಡಿಯಿರಿ. ದುಡ್ಡು ಕೊಟ್ಟು ತಂದ ಥೀಮ್‌ಗಳು ಸ್ಲೈಡರ್, ಪೇಜ್ ಬಿಲ್ಡರ್ ಎಲ್ಲ ಹೊತ್ತು ತರುತ್ತವೆ. ನಾವು ಅದನ್ನು ಮರೆತು ಇನ್ನೊಂದು ಸ್ಲೈಡರ್ ಹಾಕುತ್ತೇವೆ.

ಕನ್ನಡ ಸೈಟ್‌ಗಳಿಗೆ ಅಂತಲೇ ಏನಾದರೂ ತೊಂದರೆ ಇದೆಯಾ?

ಇದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಇದು ಕಾಣುವುದು ಅಪರೂಪ.

ಕನ್ನಡ ಶೀರ್ಷಿಕೆ ಕೊಟ್ಟರೆ ಪುಟದ ವಿಳಾಸವೂ ಕನ್ನಡದಲ್ಲೇ ಆಗುತ್ತದೆ. ಆದರೆ ಡೇಟಾಬೇಸ್‌ನಲ್ಲಿ ಅದು ಕನ್ನಡವಾಗಿ ಉಳಿಯುವುದಿಲ್ಲ. ಒಂದೊಂದು ಅಕ್ಷರ, ಒಂದೊಂದು ಸ್ವರಚಿಹ್ನೆ, ಒತ್ತಕ್ಷರ ಮೂಡಿಸುವ ಹಲಂತ ಚಿಹ್ನೆ, ಎಲ್ಲವೂ ಶೇಕಡಾ ಗುರುತಿನ 9 ಅಕ್ಷರಗಳಾಗಿ ಬದಲಾಗುತ್ತವೆ. ವಿಳಾಸಕ್ಕೆ ಇರುವ ಜಾಗ 200 ಅಕ್ಷರ ಮಾತ್ರ. "ಕರ್ನಾಟಕ" ಎಂಬ ಒಂದು ಪದಕ್ಕೇ 63 ಹೋಗುತ್ತದೆ. ಅಂಥ ಮೂರು ಪದ ಬರೆದರೆ ಜಾಗ ಮುಗಿಯಿತು, ಉಳಿದದ್ದು ಕತ್ತರಿಸಿಹೋಗುತ್ತದೆ.

ಹಾಗಾಗಿ ಕನ್ನಡದವರು ವಿಳಾಸವನ್ನು ಇಂಗ್ಲಿಷ್ ಅಕ್ಷರಕ್ಕೆ ತಿರುಗಿಸುವ ಪ್ಲಗಿನ್ ಹುಡುಕುತ್ತಾರೆ. ಒಂದು ಸರಿಬರದಿದ್ದರೆ ಅದನ್ನು ತೆಗೆಯದೆ ಇನ್ನೊಂದು ಹಾಕುತ್ತಾರೆ. ಎರಡೂ ಸಾಮಾನ್ಯವಾಗಿ ಜೋತುಬೀಳುವುದು ಒಂದೇ ಕೊಕ್ಕೆಗೆ. ಯಾರು ಮೊದಲು ಎಂಬುದರ ಮೇಲೆ ಫಲಿತಾಂಶ ಬದಲಾಗುತ್ತದೆ. ಇದರ ನಡುವೆ ಎಸ್‌ಇಒ ಪ್ಲಗಿನ್ ಬಂದು ವಿಳಾಸವನ್ನು ಮೊಟಕು ಮಾಡಲು ಹೊರಟರೆ ಇನ್ನೂ ಗೊಂದಲ. ನಾಟಕ ತಂಡದ ಸೈಟ್‌ನಲ್ಲಿ ಹೀಗೆ ವಿಭಾಗಗಳ ವಿಳಾಸಗಳೇ ಬದಲಾಗಿ, ವಾಟ್ಸಾಪ್‌ನಲ್ಲಿ ಹಂಚಿದ್ದ ಹಳೆಯ ಲಿಂಕ್‌ಗಳೆಲ್ಲ "ಪುಟ ಸಿಗಲಿಲ್ಲ" ಎನ್ನತೊಡಗಿದವು. ಅವನ್ನು ಒಂದೊಂದಾಗಿ ಸರಿಪಡಿಸಲು ಎರಡು ಭಾನುವಾರ ಬೇಕಾಯಿತು.

ನನ್ನ ಸಲಹೆ ಕೇಳುವುದಾದರೆ, ಈ ಕೆಲಸಕ್ಕೆ ಪ್ಲಗಿನ್ ಬೇಡವೇ ಬೇಡ. ಬರಹ ಪ್ರಕಟಿಸುವ ಮೊದಲು ವಿಳಾಸದ ಜಾಗದಲ್ಲಿ ಎರಡು ಮೂರು ಪದಗಳನ್ನು ಕೈಯಾರೆ ಬರೆಯಿರಿ. ಹತ್ತು ಸೆಕೆಂಡಿನ ಕೆಲಸ. ಕನ್ನಡ ಟೈಪಿಂಗ್ ಪ್ಲಗಿನ್‌ಗಳಿಗೂ ಇದೇ ಮಾತು. ಅವು ಎಡಿಟರ್‌ನಲ್ಲಿ ಒತ್ತುವ ಪ್ರತಿ ಕೀಲಿಯನ್ನೂ ನಡುವೆ ಹಿಡಿಯುತ್ತವೆ, ಎಡಿಟರ್‌ನ ಸ್ವಂತ ಶಾರ್ಟ್‌ಕಟ್‌ಗಳಿಗೆ ಅಡ್ಡ ಬರಬಹುದು. ವಿಂಡೋಸ್, ಮ್ಯಾಕ್, ಲಿನಕ್ಸ್, ಫೋನ್ ಎಲ್ಲದರಲ್ಲೂ ಕನ್ನಡ ಕೀಲಿಮಣೆ ಇದೆ. ಅದನ್ನೇ ಬಳಸಿ.

ಇನ್‌ಸ್ಟಾಲ್ ಮಾಡುವ ಮೊದಲು ಏನೇನು ನೋಡಬೇಕು?

ಮೊದಲು, ಈ ಕೆಲಸವನ್ನು ಈಗಾಗಲೇ ಇರುವ ಪ್ಲಗಿನ್ ಅಥವಾ ವರ್ಡ್‌ಪ್ರೆಸ್ಸೇ ಮಾಡುತ್ತದಾ ಎಂದು ಹುಡುಕಿ. ಅರ್ಧಕ್ಕರ್ಧ ಸಲ ಉತ್ತರ "ಹೌದು" ಎಂದೇ ಸಿಗುತ್ತದೆ.

ನಂತರ ಪ್ಲಗಿನ್ ಪುಟದಲ್ಲಿ ಕೊನೆಯ ಅಪ್‌ಡೇಟ್ ಯಾವಾಗ, ಯಾವ ವರ್ಡ್‌ಪ್ರೆಸ್ ಆವೃತ್ತಿವರೆಗೆ ಪರೀಕ್ಷೆ ಆಗಿದೆ, ಯಾವ ಪಿಎಚ್‌ಪಿ ಬೇಕು ಎಂದು ನೋಡಿ. ಪಿಎಚ್‌ಪಿ ವಿಷಯ ಸಣ್ಣದಲ್ಲ. 2020ರ ಕೊನೆಗೆ ಬಂದ ಪಿಎಚ್‌ಪಿ 8 ಹಳೆಯ ಕೆಲವು ಫಂಕ್ಷನ್‌ಗಳನ್ನು ಪೂರ್ತಿ ತೆಗೆದುಹಾಕಿತು, ಹಿಂದೆ ಬರೀ ಎಚ್ಚರಿಕೆಯಾಗಿದ್ದ ಕೆಲವನ್ನು ಎರರ್ ಮಾಡಿತು. "ಈ ಎರಡು ಪ್ಲಗಿನ್‌ಗೆ ಆಗಿಬರುವುದಿಲ್ಲ" ಎಂದು ನನ್ನ ಬಳಿ ಬಂದ ಎಷ್ಟೋ ದೂರುಗಳಲ್ಲಿ ನಿಜವಾದ ಕಾರಣ ಹಳೆಯ ಪ್ಲಗಿನ್, ಹೊಸ ಪಿಎಚ್‌ಪಿ.

ಕೊನೆಗೆ ಆ ಪ್ಲಗಿನ್‌ನ ಸಹಾಯ ವಿಭಾಗದಲ್ಲಿ ನಿಮ್ಮ ಮುಖ್ಯ ಪ್ಲಗಿನ್‌ಗಳ ಹೆಸರು ಹಾಕಿ ಹುಡುಕಿ. ಉದಾಹರಣೆಗೆ ನಿಮ್ಮದು ವೂಕಾಮರ್ಸ್ (ಆನ್‌ಲೈನ್ ಮಾರಾಟದ ಪ್ಲಗಿನ್) ಅಂಗಡಿಯಾದರೆ "ವೂಕಾಮರ್ಸ್ ಚೆಕ್‌ಔಟ್" ಎಂದು. ನಿಮಗಿಂತ ಮೊದಲು ಯಾರಾದರೂ ಪೆಟ್ಟು ತಿಂದಿದ್ದರೆ ಅಲ್ಲಿ ಬರೆದಿರುತ್ತಾರೆ.

ನಮ್ಮ ಹೋಸ್ಟಿಂಗ್‌ನಲ್ಲಿ ಸ್ಟೇಜಿಂಗ್ ಸೌಲಭ್ಯ ಇಲ್ಲ. ಎಲ್ಲಿ ಪರೀಕ್ಷೆ ಮಾಡಲಿ?

ಸ್ಟೇಜಿಂಗ್ ಅಂದರೆ ನಿಮ್ಮ ಸೈಟ್‌ನ ಇನ್ನೊಂದು ಪ್ರತಿ. ಓದುಗರಿಗೆ ಕಾಣದ ಪ್ರತಿ. ಅದನ್ನು ಬ್ಯಾಕಪ್‌ನಿಂದ ನಿಮ್ಮ ಲ್ಯಾಪ್‌ಟಾಪ್‌ನಲ್ಲೂ ಕಟ್ಟಿಕೊಳ್ಳಬಹುದು. ಅದೂ ಕಷ್ಟ ಅನಿಸಿದರೆ ವರ್ಡ್‌ಪ್ರೆಸ್ ಪ್ಲೇಗ್ರೌಂಡ್ ಇದೆ. ಅದು ಪೂರ್ತಿ ಬ್ರೌಸರ್ ಒಳಗೇ ಓಡುತ್ತದೆ, ಸರ್ವರ್ ಬೇಕಿಲ್ಲ. ನಿಮ್ಮ ನಾಲ್ಕೈದು ಮುಖ್ಯ ಪ್ಲಗಿನ್ ಹಾಕಿ, ಮೇಲೆ ಹೊಸದನ್ನು ಹಾಕಿ ನೋಡಿ. ನಿಮ್ಮ ಸೈಟ್‌ನ ನಿಜವಾದ ಡೇಟಾ ಅಲ್ಲಿ ಇರುವುದಿಲ್ಲ, ಹಾಗಾಗಿ ಅದು ಪೂರ್ತಿ ಪರೀಕ್ಷೆ ಅಲ್ಲ. ಆದರೂ ಹೆಸರಿನ ಜಗಳ ಇದ್ದರೆ ಅಲ್ಲೇ ಗೊತ್ತಾಗುತ್ತದೆ.

ಫೈಲ್‌ಗಳ ಬ್ಯಾಕಪ್ ಇದೆ. ಸಾಕಲ್ವಾ?

ಸಾಲದು. ಬರಹ, ಆರ್ಡರ್, ಸೆಟ್ಟಿಂಗ್ ಎಲ್ಲ ಇರುವುದು ಡೇಟಾಬೇಸ್‌ನಲ್ಲಿ. ಆಕ್ಟಿವೇಟ್ ಆದ ಕ್ಷಣದಲ್ಲೇ ಕೆಲವು ಪ್ಲಗಿನ್‌ಗಳು ಅಲ್ಲಿ ಹೊಸ ಟೇಬಲ್ ಸೇರಿಸುತ್ತವೆ, ಇದ್ದದ್ದನ್ನು ಬದಲಿಸುತ್ತವೆ. ಡಿಆಕ್ಟಿವೇಟ್ ಮಾಡಿದರೆ ಆ ಬದಲಾವಣೆ ಹಿಂದಕ್ಕೆ ಹೋಗುವುದಿಲ್ಲ. ಎರಡರ ಬ್ಯಾಕಪ್ಪೂ ತೆಗೆದು, ಸೈಟ್ ಇರುವ ಸರ್ವರ್ ಬಿಟ್ಟು ಬೇರೆ ಕಡೆ ಇಡಿ.

ಆಕ್ಟಿವೇಟ್ ಆಯ್ತು, ಎರರ್ ಬರಲಿಲ್ಲ. ಇನ್ನು ಭಯ ಇಲ್ಲ ಅಲ್ವಾ?

ಇಲ್ಲಿಯೇ ಬಹಳ ಜನ ಎಡವುವುದು, ದಯವಿಟ್ಟು ನಿಧಾನವಾಗಿ ಓದಿ.

ಆಕ್ಟಿವೇಟ್ ಒತ್ತಿದಾಗ ವರ್ಡ್‌ಪ್ರೆಸ್ ಹೊಸ ಪ್ಲಗಿನ್ನನ್ನು ಒಮ್ಮೆ ಓಡಿಸಿ ನೋಡುತ್ತದೆ. ದೊಡ್ಡ ಎರರ್ ಬಂದರೆ ಆಕ್ಟಿವೇಟ್ ಮಾಡುವುದಿಲ್ಲ. ಒಳ್ಳೆಯ ಏರ್ಪಾಡು. ಆದರೆ ಆ ಒಂದು ಸಲ ಹೊಸ ಪ್ಲಗಿನ್ ಬರುವುದು ಎಲ್ಲರಿಗಿಂತ ಕೊನೆಗೆ. ಮುಂದಿನ ಪುಟದಿಂದ ಪ್ಲಗಿನ್‌ಗಳು ಫೋಲ್ಡರ್ ಹೆಸರಿನ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಬರುತ್ತವೆ. ಕೊನೆಯಲ್ಲಿದ್ದ ಹೊಸಬರು ಮೊದಲನೇ ಸಾಲಿಗೆ ಬಂದುಬಿಡಬಹುದು!

ಇದರಿಂದ ಏನಾಗುತ್ತದೆ ನೋಡಿ. ಹೊಸ ಪ್ಲಗಿನ್ ಬರೆದವರು ಜಾಗ್ರತೆಯವರು. "ಈ ಹೆಸರಿನ ಫಂಕ್ಷನ್ ಆಗಲೇ ಇದ್ದರೆ ನಾನು ಸುಮ್ಮನಿರುತ್ತೇನೆ" ಎಂದು ಬರೆದಿದ್ದಾರೆ. ಹಳೆಯದರಲ್ಲಿ ಆ ಜಾಗ್ರತೆ ಇಲ್ಲ. ಆಕ್ಟಿವೇಟ್ ಮಾಡುವಾಗ ಹಳೆಯದು ಮೊದಲು ಬಂದಿರುತ್ತದೆ, ಹೊಸದು ಸುಮ್ಮನಾಗುತ್ತದೆ, ಎಲ್ಲ ಸರಿ. ಮುಂದಿನ ಪುಟದಲ್ಲಿ ಹೊಸದು ಮೊದಲು ಬಂದು ಹೆಸರನ್ನು ಹಿಡಿದುಕೊಳ್ಳುತ್ತದೆ. ಹಿಂದೆಯೇ ಬಂದ ಹಳೆಯದು ಅದೇ ಹೆಸರು ಕೇಳುತ್ತದೆ. ಸೈಟ್ ಬಿತ್ತು. ಎರರ್‌ನಲ್ಲಿ ಕಾಣುವುದು ವರ್ಷಗಳಿಂದ ನೆಟ್ಟಗೆ ಕೆಲಸ ಮಾಡಿದ ಹಳೆಯ ಪ್ಲಗಿನ್ ಹೆಸರು. ಹಾಗಾಗಿ ಎರರ್‌ನಲ್ಲಿ ಯಾರ ಹೆಸರಿದೆಯೋ ಅದನ್ನೇ ಕಿತ್ತುಹಾಕಲು ಅವಸರ ಮಾಡಬೇಡಿ. ಕೊನೆಗೆ ಬದಲಾದದ್ದು ಏನು ಎಂದು ಮೊದಲು ನೆನಪು ಮಾಡಿಕೊಳ್ಳಿ.

ಇದೇ ಕಾರಣಕ್ಕೆ ಒಂದು ಸಲಕ್ಕೆ ಒಂದೇ ಪ್ಲಗಿನ್ ಹಾಕಿ. ಐದನ್ನು ಒಟ್ಟಿಗೆ ಟಿಕ್ ಮಾಡಿ ಆಕ್ಟಿವೇಟ್ ಒತ್ತಬೇಡಿ.

ಮುಖಪುಟ ಚೆನ್ನಾಗಿದೆ. ಬೇರೆ ಏನು ನೋಡಬೇಕು?

ಪುಸ್ತಕದ ಅಂಗಡಿಗೆ ರಾಜ್ಯೋತ್ಸವದ ರಿಯಾಯಿತಿ ತೋರಿಸಲು ಅಕ್ಟೋಬರ್ ಕೊನೆಯ ರಾತ್ರಿ ಒಂದು ಪ್ಲಗಿನ್ ಹಾಕಿದೆ. ಮುಖಪುಟ ನೋಡಿದೆ, ಬ್ಯಾನರ್ ಬಂದಿತ್ತು, ಮಲಗಿದೆ. ನವೆಂಬರ್ 1ರ ಮಧ್ಯಾಹ್ನದವರೆಗೆ ಒಂದೂ ಆರ್ಡರ್ ಇಲ್ಲ. ಚೆಕ್‌ಔಟ್ ಪುಟದಲ್ಲಿ "ಹಣ ಕಟ್ಟಿ" ಬಟನ್ ಸತ್ತುಹೋಗಿತ್ತು. ಆ ಪ್ಲಗಿನ್ ತನ್ನದೇ ಹಳೆಯ ಜೆಕ್ವೆರಿಯನ್ನು (ಒಂದು ಜಾವಾಸ್ಕ್ರಿಪ್ಟ್ ಲೈಬ್ರರಿ) ತಂದು, ವರ್ಡ್‌ಪ್ರೆಸ್‌ನದ್ದರ ಮೇಲೆ ಹೇರಿತ್ತು. ವರ್ಷದಲ್ಲಿ ಪುಸ್ತಕ ಹೆಚ್ಚು ಮಾರುವ ದಿನ ಅದು. ಅಂಗಡಿಯ ಯಜಮಾನರು ಒಂದು ಮಾತೂ ಆಡಲಿಲ್ಲ, ನನಗೆ ಮಾತ್ರ ಇವತ್ತಿಗೂ ಬೇಜಾರಿದೆ.

ಅಂದಿನಿಂದ ಒಂದು ಚೀಟಿ ಇಟ್ಟುಕೊಂಡಿದ್ದೇನೆ. ಹೊಸದು ಏನೇ ಹಾಕಿದರೂ ಲಾಗಿನ್ ಆಗದ ಖಾಸಗಿ ವಿಂಡೋದಲ್ಲಿ ಒಂದು ಪುಸ್ತಕ ಕೊಳ್ಳುವವರೆಗೆ ಹೋಗುತ್ತೇನೆ, ಸಂಪರ್ಕ ಫಾರ್ಮ್ ಕಳಿಸಿ ಇಮೇಲ್ ಬಂತಾ ನೋಡುತ್ತೇನೆ, ಒಂದು ಕರಡು ಬರಹ ಉಳಿಸುತ್ತೇನೆ, ಒಂದು ಚಿತ್ರ ಏರಿಸುತ್ತೇನೆ, ಹುಡುಕಾಟ ಮಾಡುತ್ತೇನೆ, ಫೋನ್‌ನಲ್ಲೂ ತೆರೆಯುತ್ತೇನೆ. ಅದಕ್ಕೆ ಮೊದಲು ಕ್ಯಾಶ್ ಖಾಲಿ ಮಾಡಲು ಮರೆಯುವುದಿಲ್ಲ, ಇಲ್ಲದಿದ್ದರೆ ನಿನ್ನೆಯ ಪುಟವನ್ನೇ ಪರೀಕ್ಷೆ ಮಾಡಿದ ಹಾಗಾಗುತ್ತದೆ. ಎಲ್ಲ ಸೇರಿ ಕಾಲು ಗಂಟೆ. ರಾತ್ರಿ ಅಥವಾ ಹಬ್ಬದ ಹಿಂದಿನ ದಿನ ಯಾವ ಪ್ಲಗಿನ್ನನ್ನೂ ಹಾಕುವುದಿಲ್ಲ.

"ಈ ಸೈಟ್‌ನಲ್ಲಿ ಗಂಭೀರ ದೋಷ ಉಂಟಾಗಿದೆ" ಎಂದು ಬರುತ್ತಿದೆ. ಡ್ಯಾಶ್‌ಬೋರ್ಡ್ ಕೂಡ ತೆರೆಯುತ್ತಿಲ್ಲ. ಈಗ?

ಮೊದಲು ಅಡ್ಮಿನ್ ಇಮೇಲ್ ನೋಡಿ. 2019ರ 5.2 ಆವೃತ್ತಿಯಿಂದ ರಿಕವರಿ ಮೋಡ್ ಇದೆ. ಅಂಥ ಎರರ್ ಬಂದರೆ ಒಂದು ವಿಶೇಷ ಲಿಂಕ್ ಇರುವ ಇಮೇಲ್ ಬರುತ್ತದೆ. ಅದರಿಂದ ಒಳಹೊಕ್ಕರೆ ತೊಂದರೆ ಕೊಟ್ಟ ಪ್ಲಗಿನ್ ನಿಮ್ಮ ಮಟ್ಟಿಗೆ ಮಾತ್ರ ನಿಂತಿರುತ್ತದೆ. ಓದುಗರಿಗೆ ಸೈಟ್ ಇನ್ನೂ ಬಿದ್ದೇ ಇರುತ್ತದೆ, ಹಾಗಾಗಿ ಒಳಗೆ ಹೋಗಿ ಅದನ್ನು ಡಿಆಕ್ಟಿವೇಟ್ ಮಾಡಬೇಕು. ಲಿಂಕ್ ಒಂದು ದಿನ ಮಾತ್ರ ನಡೆಯುತ್ತದೆ. ಅಡ್ಮಿನ್ ಇಮೇಲ್ ವಿಳಾಸ ಸೈಟ್ ಮಾಡಿಕೊಟ್ಟು ಹೋದವರದೇ ಇದ್ದರೆ ಇವತ್ತೇ ಬದಲಿಸಿ.

ಇಮೇಲ್ ಬರದಿದ್ದರೆ ಹೋಸ್ಟಿಂಗ್‌ನ ಫೈಲ್ ಮ್ಯಾನೇಜರ್ ತೆರೆದು, ಡಬ್ಲ್ಯುಪಿ-ಕಂಟೆಂಟ್ ಒಳಗಿನ ಪ್ಲಗಿನ್ಸ್ ಫೋಲ್ಡರ್‌ನಲ್ಲಿ ಹೊಸ ಪ್ಲಗಿನ್‌ನ ಫೋಲ್ಡರ್ ಹೆಸರು ಬದಲಿಸಿ. ಫೈಲ್ ಕಾಣದಿದ್ದರೆ ವರ್ಡ್‌ಪ್ರೆಸ್ ಆ ಪ್ಲಗಿನ್ನನ್ನು ಬಿಟ್ಟು ಮುಂದೆ ಹೋಗುತ್ತದೆ.

ಯಾವ ಎರಡರ ನಡುವೆ ಜಗಳ ಅಂತಲೇ ಗೊತ್ತಾಗುತ್ತಿಲ್ಲ.

ಅರ್ಧ ಅರ್ಧ ಮಾಡಿ ಹುಡುಕಿ. 24 ಪ್ಲಗಿನ್ ಇದ್ದರೆ 12ನ್ನು ನಿಲ್ಲಿಸಿ. ತೊಂದರೆ ಹೋದರೆ ಆ 12ರಲ್ಲಿ ಒಂದು, ಹೋಗದಿದ್ದರೆ ಉಳಿದ 12ರಲ್ಲಿ ಒಂದು. ಹೀಗೆ ಹೆಚ್ಚೆಂದರೆ ಐದು ಸಲದಲ್ಲಿ ಒಂದು ಸಿಕ್ಕಿಬೀಳುತ್ತದೆ. ಅದನ್ನು ಓಡಿಸುತ್ತಲೇ ಉಳಿದವನ್ನು ಮತ್ತೆ ಹೀಗೆ ಮಾಡಿದರೆ ಜೊತೆಗಾರ ಸಿಗುತ್ತಾನೆ. ಪ್ಲಗಿನ್‌ಗಳೆಲ್ಲ ನಿಂತರೂ ತೊಂದರೆ ಇದೆ ಅಂದರೆ ಥೀಮ್ ಬದಲಿಸಿ ನೋಡಿ.

ಓಡುತ್ತಿರುವ ಸೈಟ್‌ನಲ್ಲಿ ಇದನ್ನು ಮಾಡಲು ಭಯವಾದರೆ ಹೆಲ್ತ್ ಚೆಕ್ ಆಂಡ್ ಟ್ರಬಲ್‌ಶೂಟಿಂಗ್ ಎಂಬ ಪ್ಲಗಿನ್ ಇದೆ. ಅದು ನಿಮ್ಮ ಕಣ್ಣಿಗೆ ಮಾತ್ರ ಎಲ್ಲ ಪ್ಲಗಿನ್ ನಿಲ್ಲಿಸಿ ತೋರಿಸುತ್ತದೆ, ಓದುಗರಿಗೆ ಸೈಟ್ ಮೊದಲಿನ ಹಾಗೇ ಇರುತ್ತದೆ. ಹೊಸದಾಗಿ ಹಾಕುವ ಪ್ಲಗಿನ್‌ಗಳಲ್ಲಿ ನಾನು ಮನಸಾರೆ ಶಿಫಾರಸು ಮಾಡುವುದು ಇದೊಂದನ್ನೇ.

ನಿಲ್ಲಿಸುವ ಬದಲು ಡಿಲೀಟ್ ಮಾಡಿದರೆ?

ಬೇಡ. ಡಿಲೀಟ್ ಮಾಡಿದಾಗ ಕೆಲವು ಪ್ಲಗಿನ್‌ಗಳು ತಮ್ಮ ಡೇಟಾವನ್ನೂ ಅಳಿಸಿಕೊಂಡು ಹೋಗುತ್ತವೆ. ತಪ್ಪು ಯಾರದು ಎಂದು ಖಚಿತವಾಗುವವರೆಗೆ ಡಿಆಕ್ಟಿವೇಟ್ ಸಾಕು.

ಆಟೋ ಅಪ್‌ಡೇಟ್ ಹಾಕಿದ್ದೇನೆ. ತೊಂದರೆಯಾ?

ಅಪ್‌ಡೇಟ್ ಕೂಡ ಒಂದು ಥರದ ಹೊಸ ಇನ್‌ಸ್ಟಾಲೇ. 2024ರ 6.6 ಆವೃತ್ತಿಯಿಂದ, ಆಟೋ ಅಪ್‌ಡೇಟ್ ಆದ ಮೇಲೆ ಸೈಟ್ ಬಿದ್ದರೆ ವರ್ಡ್‌ಪ್ರೆಸ್ ಹಳೆಯ ಆವೃತ್ತಿಗೆ ತಾನೇ ಮರಳುತ್ತದೆ. ಆದರೆ ಅದು ತಟ್ಟಿ ನೋಡುವುದು ಮುಖಪುಟವನ್ನು. ಚೆಕ್‌ಔಟ್ ಕೆಟ್ಟರೆ ಅದಕ್ಕೆ ತಿಳಿಯುವುದಿಲ್ಲ. ಸಣ್ಣ ಪ್ಲಗಿನ್‌ಗಳಿಗೆ ಆಟೋ ಇರಲಿ, ಹಣ ಮತ್ತು ಲಾಗಿನ್‌ಗೆ ಸಂಬಂಧಿಸಿದವನ್ನು ಕೈಯಾರೆ ಮಾಡಿ. ಹಾಗೆಂದು ತಿಂಗಳುಗಟ್ಟಲೆ ಬಿಡಬೇಡಿ, ಭದ್ರತೆಯ ತೂತುಗಳು ಹಾಗೇ ಉಳಿಯುತ್ತವೆ.

ನಾನೇ ಪ್ಲಗಿನ್ ಬರೆಯುತ್ತೇನೆ. ನನ್ನದರಿಂದ ಬೇರೆಯವರಿಗೆ ತೊಂದರೆ ಆಗದಿರಲು?

ಎಲ್ಲ ಹೆಸರಿಗೂ ಇನಿಶಿಯಲ್ ಕೊಡಿ. ನಾಲ್ಕೈದು ಅಕ್ಷರದ, ಬೇರೆ ಯಾರೂ ಇಡದಂಥ ಮುಂಪದ. ಕ್ಲಾಸುಗಳಿಗೆ ನೇಮ್‌ಸ್ಪೇಸ್ ಬಳಸಿ. ಫಂಕ್ಷನ್‌ಗೆ ಮಾತ್ರವಲ್ಲ, ಸೆಟ್ಟಿಂಗ್ ಹೆಸರು, ಬರಹದ ಬಗೆ (ಪೋಸ್ಟ್ ಟೈಪ್), ಶಾರ್ಟ್‌ಕೋಡ್ (ಬರಹದೊಳಗೆ ಚೌಕ ಆವರಣದಲ್ಲಿ ಬರೆಯುವ ಗುರುತು) ಎಲ್ಲಕ್ಕೂ. ಫಂಕ್ಷನ್ ಹೆಸರು ಎರಡು ಸಲ ಬಂದರೆ ಕೂಡಲೇ ಎರರ್ ಆಗಿ ಗೊತ್ತಾಗುತ್ತದೆ. ಶಾರ್ಟ್‌ಕೋಡ್ ಹಾಗಲ್ಲ, ಕೊನೆಗೆ ಬಂದವರು ಸದ್ದಿಲ್ಲದೆ ಮೊದಲಿನವರ ಜಾಗ ಹಿಡಿಯುತ್ತಾರೆ. "ಇವೆಂಟ್", "ಸ್ಲೈಡರ್" ಥರದ ಸಾಮಾನ್ಯ ಹೆಸರು ಇಟ್ಟರೆ ಇದು ಆಗಿಯೇ ಆಗುತ್ತದೆ.

ಕಂಪೋಸರ್‌ನಿಂದ (ಬೇರೆಯವರ ಪಿಎಚ್‌ಪಿ ಕೋಡ್ ತಂದುಕೊಡುವ ಸಾಧನ) ತಂದ ಲೈಬ್ರರಿಗಳು ಇನ್ನೊಂದು ದೊಡ್ಡ ತಲೆನೋವು. ನಿಮ್ಮ ಪ್ಲಗಿನ್ ಗಝಲ್ (Guzzle) ಎಂಬ ಲೈಬ್ರರಿಯ 7ನೇ ಆವೃತ್ತಿ ತಂದಿದೆ, ಪಕ್ಕದವರದು 6 ಎಂದುಕೊಳ್ಳಿ. ಕ್ಲಾಸ್ ಹೆಸರು ಎರಡರಲ್ಲೂ ಒಂದೇ, ಮೊದಲು ಲೋಡ್ ಆದದ್ದೇ ಇಬ್ಬರಿಗೂ ಗತಿ. ಪಿಎಚ್‌ಪಿ-ಸ್ಕೋಪರ್ ಅಥವಾ ಸ್ಟ್ರಾಸ್ ಎಂಬ ಸಾಧನ ಬಳಸಿ ಲೈಬ್ರರಿಯ ಹೆಸರುಗಳಿಗೂ ನಿಮ್ಮ ಮುಂಪದ ಅಂಟಿಸಿ. ಹಿನ್ನೆಲೆಯ ಕೆಲಸಗಳನ್ನು ಸರದಿಯಂತೆ ನಡೆಸುವ, ವೂಕಾಮರ್ಸ್‌ನ ಆಕ್ಷನ್ ಶೆಡ್ಯೂಲರ್ ಲೈಬ್ರರಿ ಇನ್ನೊಂದು ದಾರಿ ಹಿಡಿದಿದೆ. ಹಲವು ಪ್ಲಗಿನ್‌ಗಳು ಅದರ ಬೇರೆ ಬೇರೆ ಆವೃತ್ತಿ ತಂದರೂ ಎಲ್ಲವೂ ಮೊದಲು ತಮ್ಮ ಸಂಖ್ಯೆ ಹೇಳುತ್ತವೆ, ಎಲ್ಲಕ್ಕಿಂತ ಹೊಸದು ಮಾತ್ರ ಓಡುತ್ತದೆ. ಅದರ ಕೋಡ್ ಓದಿ, ಬಹಳ ಕಲಿಯಬಹುದು.

ಜೆಕ್ವೆರಿಯನ್ನು ಮಾತ್ರ ಸ್ವಂತ ತರಲೇಬೇಡಿ. ವರ್ಡ್‌ಪ್ರೆಸ್ ಕೊಡುವುದನ್ನೇ ಬಳಸಿ, ಅಧಿಕೃತ ಪಟ್ಟಿಗೆ ಸೇರಲು ಅದು ನಿಯಮವೂ ಹೌದು. ನಿಮ್ಮ ಸ್ಕ್ರಿಪ್ಟ್‌ಗಳನ್ನು ಬೇಕಾದ ಪುಟದಲ್ಲಿ ಮಾತ್ರ ಲೋಡ್ ಮಾಡಿ.

ಜಗಳ ಆಡುವ ಎರಡೂ ಪ್ಲಗಿನ್ ನನಗೆ ಬೇಕೇ ಬೇಕು. ಏನು ಮಾಡಲಿ?

ಎರಡರಲ್ಲೂ ಒಂದೇ ಸೌಲಭ್ಯ ಇದೆಯಾ ನೋಡಿ, ಇದ್ದರೆ ಒಂದರಲ್ಲಿ ಆಫ್ ಮಾಡಿ. ಎಷ್ಟೋ ಸಲ ಅಷ್ಟಕ್ಕೇ ಮುಗಿಯುತ್ತದೆ.

ಮುಗಿಯದಿದ್ದರೆ ಇಬ್ಬರೂ ಬರೆದವರಿಗೆ ತಿಳಿಸಿ. "ನಿಮ್ಮ ಪ್ಲಗಿನ್ ಕೆಲಸ ಮಾಡುತ್ತಿಲ್ಲ" ಎಂದಷ್ಟೇ ಬರೆದರೆ ಅವರಿಗೂ ದಾರಿ ಕಾಣುವುದಿಲ್ಲ. ವರ್ಡ್‌ಪ್ರೆಸ್, ಪಿಎಚ್‌ಪಿ, ಎರಡೂ ಪ್ಲಗಿನ್, ಥೀಮ್ ಇವುಗಳ ಆವೃತ್ತಿ ಸಂಖ್ಯೆ ಬರೆಯಿರಿ. ಡ್ಯಾಶ್‌ಬೋರ್ಡ್‌ನ ಸೈಟ್ ಹೆಲ್ತ್ ಪುಟದಲ್ಲಿ ಇವೆಲ್ಲ ಒಂದೇ ಕಡೆ ಸಿಗುತ್ತವೆ, ಕಾಪಿ ಮಾಡುವ ಬಟನ್ ಕೂಡ ಇದೆ. ಬೇರೆಲ್ಲ ಪ್ಲಗಿನ್ ನಿಲ್ಲಿಸಿ ಈ ಎರಡನ್ನೇ ಇಟ್ಟರೂ ತೊಂದರೆ ಬರುತ್ತದಾ ಎಂದು ಹೇಳಿ. ಯಾವ ಬಟನ್ ಒತ್ತಿದಾಗ ಏನಾಯಿತು ಎಂದು ಕ್ರಮವಾಗಿ ಬರೆದು, ಎರರ್‌ನ ಪೂರ್ತಿ ಸಾಲನ್ನು ಹಾಗೇ ಅಂಟಿಸಿ. ಪಾಸ್‌ವರ್ಡ್, ಗ್ರಾಹಕರ ಹೆಸರು ಏನಾದರೂ ಅದರೊಳಗೆ ಸೇರಿದ್ದರೆ ಅಳಿಸಿ ಕಳಿಸಿ. ಉತ್ತರ ಬರುವವರೆಗೆ ಹೊಸದನ್ನು ನಿಲ್ಲಿಸಿಡಿ, ಹಳೆಯದರಲ್ಲೇ ಸೈಟ್ ನಡೆಯಲಿ.